‘ಇಡುದಾ?’ ಎಂದು ಕೇಳಿದ ಫೋನು

ಅಕ್ಕ ತೀರಿಹೋದರು ಎಂಬ ಸುದ್ದಿ ನಮ್ಮ ಹಳೆಯ ಪತ್ರಕರ್ತರ ಗ್ರೂಪಿನಲ್ಲಿ ಬಂದಾಗ ನಾನು ಎಲ್ಲರ ಹಾಗೆ ಕೈಮುಗಿದ ಚಿತ್ರ ಹಾಕಲಿಲ್ಲ. ಅಕ್ಕನ ಕೈಕೆಳಗೆ ಪಳಗಿದವರು ಯಾರೂ ಅಷ್ಟು ಬೇಗ ಹಾಕುವುದಿಲ್ಲ. ಮೊದಲು ಅವರ ನಂಬರಿಗೇ ಫೋನ್ ಮಾಡಿದೆ. ಅವರ ತಮ್ಮ ಎತ್ತಿದರು.

"ಹೌದು ಮಾರಾಯ್ರೆ, ಬೆಳಿಗ್ಗೆ ಹೋದ್ರು. ನೀವು ಫೋನ್ ಮಾಡ್ತೀರಿ ಅಂತ ಗೊತ್ತಿತ್ತು. ಆಗಳೇ ಇಬ್ಬರು ಮಾಡಿದ್ರು, ನಿಜವಾ ಅಂತ ಕೇಳ್ಲಿಕ್ಕೆ."

ಅವರಿಗೆ ಬೇಸರವಾಗಿರಬಹುದು ಎಂದು ನಾನು ಏನೋ ಸಮಾಧಾನ ಹೇಳಹೊರಟೆ. "ಬೇಸರ ಎಂತದ್ದು? ಅವರು ಕಲಿಸಿದ್ದೇ ಅಲ್ವಾ?" ಎಂದರು.

ಅವರು ಕಲಿಸಿದ್ದೇ. ಪುತ್ತೂರಿನ ಬಸ್‌ಸ್ಟ್ಯಾಂಡಿನ ಹತ್ತಿರ, ಬೇಕರಿಯ ಮೇಲಿನ ಮಾಳಿಗೆಯಲ್ಲಿ ನಮ್ಮ ವಾರಪತ್ರಿಕೆಯ ಕಚೇರಿ. ನಾನು ವರದಿಗಾರ, ಅಕ್ಕ ಉಪಸಂಪಾದಕಿ. ಡಿಟಿಪಿ ಮಾಡುವಾತ ಒಬ್ಬ, ಯಜಮಾನರು ಒಬ್ಬರು. ಅಷ್ಟೇ ಪರಿವಾರ. ಅಕ್ಕನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಬ್ಯಾಂಕಿನವರು ಮಾತ್ರ; ಉಳಿದಂತೆ ಇಡೀ ಪುತ್ತೂರಿಗೆ ಅವರು ಅಕ್ಕ. ಹಾಗಾಗಿ ಇಲ್ಲಿಯೂ ಹೆಸರು ಬೇಡ.

ನಿಧನ ವಾರ್ತೆಗೆ ಯಾರು ಫೋಟೋ ತಂದುಕೊಟ್ಟರೂ ಅಕ್ಕ ಸತ್ತವರ ಮನೆಗೆ ಫೋನ್ ಮಾಡಿ ವಿಚಾರಿಸದೆ ಅಚ್ಚಿಗೆ ಬಿಡುತ್ತಿರಲಿಲ್ಲ. ನಾವೆಲ್ಲ ಇದನ್ನು ಅತಿ ಎಂದು ನಗುತ್ತಿದ್ದೆವು. ಒಮ್ಮೆ ಒಬ್ಬಾತ ಮುಖ ಸಣ್ಣ ಮಾಡಿಕೊಂಡು ಬಂದು ತನ್ನ ದೊಡ್ಡಪ್ಪ ತೀರಿಹೋದರೆಂದು ಫೋಟೋ ಕೊಟ್ಟುಹೋದ. ಅಕ್ಕ ಫೋನ್ ಮಾಡಿದರೆ ಎತ್ತಿದ್ದು ದೊಡ್ಡಪ್ಪನೇ. ಈಗಷ್ಟೇ ಗಂಜಿ ಉಂಡು ಮಲಗಿದ್ದೆ ಎಂದರಂತೆ. ಜಾಗದ ತಕರಾರಿನಲ್ಲಿ ಹುಟ್ಟಿದ ಸಾವು ಅದು. ಅಕ್ಕ ಎಲ್ಲ ವಿವರಿಸಿದ ಮೇಲೆ ಆ ಹಿರಿಯರು, "ಫೋಟೋ ಯಾವುದು ಕೊಟ್ಟಿದ್ದಾನೆ? ಟೊಪ್ಪಿ ಇದ್ದದ್ದಾ, ಇಲ್ಲದ್ದಾ?" ಎಂದು ಕೇಳಿದರಂತೆ. ಆ ದಿನದಿಂದ ನಾವು ನಗುವುದನ್ನು ಬಿಟ್ಟೆವು.

ನಾವು ಯಾವ ಸುದ್ದಿ ತಂದರೂ ಅಕ್ಕ ಮೊದಲು ತುಳುವಿನಲ್ಲಿ ಒಂದೇ ಮಾತು ಕೇಳುತ್ತಿದ್ದರು: "ಏರ್ ಪಂಡಿನಿ?" ಯಾರು ಹೇಳಿದ್ದು ಎಂದು. ಹೇಳಿದವರ ಹೆಸರು ಕೊಟ್ಟರೆ, ಅವರಿಗೆ ಯಾರು ಹೇಳಿದ್ದು ಎಂದು ಮುಂದಿನ ಪ್ರಶ್ನೆ. ಕಡಬಕ್ಕೆ ಹೋಗಿ ಸಭೆಯ ವರದಿ ತಂದೆ ಎಂದರೆ, ಅಲ್ಲಿ ಚಹಾಕ್ಕೆ ಸಕ್ಕರೆ ಸರಿ ಇತ್ತಾ ಎಂದು ಲೋಕಾಭಿರಾಮದ ಹಾಗೆ ಕೇಳುವರು. ಸಭೆಗೆ ಹೋಗದೆ ಬರೆದವರು ಅಲ್ಲಿ ಸಿಕ್ಕಿಬೀಳುತ್ತಿದ್ದರು. ವಿಸಿಟಿಂಗ್ ಕಾರ್ಡ್ ಕೊಟ್ಟರೆ ಮೊದಲು ಹಿಂಬದಿ ನೋಡುವರು. ಇದು ಸುಳ್ಯಕ್ಕೆ ಹೋಗುವ ಬಸ್ಸು ಎಂದು ಕಂಡಕ್ಟರ್ ಕೂಗುತ್ತಿದ್ದರೂ ಡ್ರೈವರನ ಹತ್ತಿರ ಇನ್ನೊಮ್ಮೆ ಕೇಳಿಯೇ ಹತ್ತುವರು. ಯಾರಾದರೂ ಚೆಂದ ಮಾತಾಡಿದರೆ ಅವರ ಕನ್ನಡಕ ಮೂಗಿನ ಮೇಲಿನಿಂದ ಇಳಿದು ಸೆರಗಿಗೆ ಹೋಗುತ್ತಿತ್ತು; ಒರೆಸುತ್ತಾ ಒರೆಸುತ್ತಾ ಎದುರಿನವರನ್ನು ಬರಿಗಣ್ಣಿನಲ್ಲಿ ನೋಡುವರು. ಆ ನೋಟದ ಎದುರು ಎಂಥವರಿಗೂ ಮಾತು ತಪ್ಪುತ್ತಿತ್ತು. ಒಂದು ವರದಿಯನ್ನು ಅವರು ಪೂರ್ತಿ ಒಪ್ಪಿದರೆ "ಸರಿ ಇರಬಹುದು" ಎನ್ನುವರು. ಅದಕ್ಕಿಂತ ಮೇಲಿನ ಹೊಗಳಿಕೆ ನಾನು ಕೇಳಿಲ್ಲ. ನಂಬುತ್ತೇನೆ ಎಂಬ ಶಬ್ದವಂತೂ ಅವರ ಬಾಯಿಯಲ್ಲಿ ಇರಲೇ ಇಲ್ಲ.

ಇಂಥವರ ಜೊತೆ ಕೆಲಸ ಮಾಡುವುದು ಸುಖವಲ್ಲ. ಎಷ್ಟೋ ಸಲ ನನಗೆ ಸಿಟ್ಟು ಬಂದು, ಈ ಹೆಂಗಸಿಗೆ ಮನುಷ್ಯರೇ ಬೇಡ ಎಂದು ಗೊಣಗಿದ್ದೇನೆ. ಆ ಚುನಾವಣೆಯ ಫೋನಿನ ಗಲಾಟೆ ಆಗುವವರೆಗೂ ನನ್ನ ಅಭಿಪ್ರಾಯ ಹಾಗೆಯೇ ಇತ್ತು.

ಯಾವ ಚುನಾವಣೆ, ಯಾವ ಪಕ್ಷ ಎಂದು ಬರೆದರೆ ಈ ಬರಹವೂ ಆ ಜಗಳಕ್ಕೆ ಸೇರಿಹೋಗುತ್ತದೆ. ಇಷ್ಟು ಸಾಕು: ಕಡಬದ ಕಡೆಯ ಒಬ್ಬ ನಿವೃತ್ತ ಅಂಗನವಾಡಿ ಟೀಚರು ಪಕ್ಷೇತರರಾಗಿ ನಿಂತಿದ್ದರು, ಗೆಲ್ಲುವ ಲಕ್ಷಣವೂ ಇತ್ತು. ಬಹಿರಂಗ ಪ್ರಚಾರ ಮುಗಿದು, ಮೈಕುಗಳೆಲ್ಲ ಬಾಯಿ ಮುಚ್ಚಿದ ಮೇಲೆ, ಪುತ್ತೂರು, ಸುಳ್ಯ, ಕಡಬದ ಮನೆಮನೆಯ ಮೊಬೈಲುಗಳಿಗೆ ಒಂದೇ ಕರೆ ಬರಲು ಶುರುವಾಯಿತು. ಎತ್ತಿದರೆ ಒಬ್ಬ ಹುಡುಗಿಯ ಧ್ವನಿ. ಮೊದಲೇ ರೆಕಾರ್ಡ್ ಮಾಡಿದ್ದು, ಯಂತ್ರದಿಂದ ಬರುವಂಥದ್ದು.

"ನಮಸ್ಕಾರ, ನಾನು ನಿಮ್ಮ ಊರಿನವಳೇ ಮಾತಾಡುದು. ಟೀಚರು ಹಿಂದೆ ಸರ್ದಿದ್ದಾರೆ. ಅವರಿಗೆ ಓಟು ಹಾಕಿ ಹಾಳು ಮಾಡ್ಬೇಡಿ. ಮನೆಯವರಿಗೂ ಹೇಳಿ. ಆಯ್ತಾ, ಇಡುದಾ?"

ಟೀಚರು ಹಿಂದೆ ಸರಿದಿರಲಿಲ್ಲ. ಅವರು ಪಾಪ, ಅದು ಸುಳ್ಳೆಂದು ಹೇಳುತ್ತಾ ಮನೆಮನೆಗೆ ಓಡಿದರು. ಆದರೆ ಫೋನಿನಷ್ಟು ವೇಗವಾಗಿ ಕಾಲು ಓಡುತ್ತದೆಯೇ? ಸೋತರು. ಸೋತ ಮೇಲೆ ದೂರು ಕೊಟ್ಟರು.

ಊರಿಗೆ ಅದು ತಮಾಷೆಯಾಯಿತು. ನಮ್ಮ ಕಡೆಯವರು ಫೋನ್ ಮುಗಿಸುವಾಗ ಹಾಗೆಯೇ ಕಡಿಯುವುದಿಲ್ಲ. ಇಡುದಾ, ಆಯ್ತಾ, ಇಡ್ತೇನೆ ಆಯ್ತಾ ಎಂದು ಅಪ್ಪಣೆ ಕೇಳುತ್ತಾರೆ. ಆಚೆಯವರು ಹ್ಞೂಂ ಅಂದ ಮೇಲೆ ಇಡುತ್ತಾರೆ. ಯಂತ್ರವೂ ಅಪ್ಪಣೆ ಕೇಳಿತಲ್ಲ ಎಂದು ಜನ ಬಿದ್ದು ಬಿದ್ದು ನಕ್ಕರು. ಅದಕ್ಕೆ "ಆಯ್ತು ಇಡು ಮಗಾ" ಎಂದು ಉತ್ತರ ಕೊಟ್ಟ ಅಜ್ಜಿಯರೂ ಇದ್ದರು.

ನಗು ಮುಗಿಯುವ ಮೊದಲೇ ಧ್ವನಿಯ ಗುರುತು ಸಿಕ್ಕಿತು. ಸುಳ್ಯದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಕುಳಿತು ಟೋಕನ್ ಕರೆಯುತ್ತಿದ್ದ ಹುಡುಗಿ, ಮರ್ಕಂಜದವಳು. ಹಲ್ಲುನೋವಿನವರು ಮರೆಯುವ ಧ್ವನಿಯಲ್ಲ ಅದು. ಕ್ಲಿನಿಕ್ಕಿನವರು ಸದ್ಯಕ್ಕೆ ಬರುವುದು ಬೇಡ ಎಂದರು. ಪೊಲೀಸರು ಕರೆದು ವಿಚಾರಿಸಿದರು. ಕರೆಯ ಮೂಲ ಯಾವುದೋ ರಾಜ್ಯದ ಸರ್ವರಿನಲ್ಲಿ ಕಳೆದುಹೋಗಿತ್ತು, ಕೈಗೆ ಸಿಕ್ಕವಳು ಇವಳೊಬ್ಬಳೇ. ಮಾಡಿಸಿದವರು ಸಿಕ್ಕದಿದ್ದರೆ ಪೂರ್ತಿ ಹೊರೆ ಅವಳ ತಲೆಯ ಮೇಲೆ ಬೀಳುವುದರಲ್ಲಿತ್ತು.

ನಮ್ಮ ಯಜಮಾನರಿಗೆ ಆ ವಾರದ ತಲೆಬರಹ ಸಿಕ್ಕಿತ್ತು: ‘ಊರಿಗೇ ಮೋಸ ಮಾಡಿದ ಯುವತಿ’. ಅಕ್ಕ ಕರಡನ್ನು ಮುಟ್ಟಲೇ ಇಲ್ಲ; ಅದು ಹಾಗೆಯೇ ಮೊದಲ ಪುಟದಲ್ಲಿ ಅಚ್ಚಾಯಿತು. ನನ್ನ ಮೊಬೈಲಿನಲ್ಲಿದ್ದ ಆ ರೆಕಾರ್ಡಿಂಗನ್ನು ಕಿವಿಗೆ ಹಿಡಿದು ಕೂತಿದ್ದರು.

"ಯಾರ ಹತ್ರ ಕೇಳುದು ಇವಳು?" ಎಂದರು.

"ಎಂತದ್ದು?"

"ಇಡುದಾ ಅಂತ. ಎದುರು ಮೈಕು ಇಟ್ಟುಕೊಂಡು ಓದುವವರು ಇಡುದಾ ಅಂತ ಕೇಳ್ತಾರಾ? ನೀನು ಭಾಷಣ ಮುಗ್ಸಿ ಕೇಳ್ತಿಯಾ?"

ಡಿಟಿಪಿಯವನು ಕಂಪ್ಯೂಟರಿಗೆ ಹಾಕಿ, ನಿಧಾನ ಮಾಡಿ ಕೇಳಿಸಿದ. ‘ಇಡುದಾ’ ಆದ ಮೇಲೆ ಕತ್ತರಿಸಿದ ಜಾಗದಲ್ಲಿ ಒಂದು ‘ಸ’ ಉಳಿದಿತ್ತು. ಅರ್ಧ ಅಕ್ಷರ, ಬಾಲ ಕಡಿದ ಹಾಗೆ. ಇಡುದಾ ಸರ್ ಎಂದು ಕೇಳಿದ್ದಾಳೆ ಹುಡುಗಿ. ಅಂದರೆ ಸ್ಟುಡಿಯೋ ಅಲ್ಲ, ಫೋನು. ಆಚೆ ಕಡೆ ಒಬ್ಬ ಸಾಹೇಬ ಇದ್ದಾನೆ. ಅವನು ಅವಳ ಮಾತನ್ನು ಹಿಡಿದಿಟ್ಟುಕೊಂಡಿದ್ದಾನೆ. ಅಕ್ಕ ಅಷ್ಟಕ್ಕೇ ನಿಲ್ಲಲಿಲ್ಲ.

"ಸರ್ ಅನ್ನುದನ್ನು ಕತ್ತರಿಸಿದವ ಇಡುದಾ ಅನ್ನುದನ್ನು ಯಾಕೆ ಬಿಟ್ಟ? ಹೊರಗಿನವ ಆಗಿದ್ರೆ ಅದನ್ನೂ ತೆಗೀತಿದ್ದ. ಅವನಿಗೆ ಅದು ಕಸ. ಇವನಿಗೆ ಅದರ ರುಚಿ ಗೊತ್ತುಂಟು. ಹಾಗೆ ಕೇಳಿದ್ರೆ ನಮ್ಮವರು ನಂಬ್ತಾರೆ ಅಂತ ಗೊತ್ತುಂಟು. ಇದು ಬೆಂಗಳೂರು ಅಲ್ಲ, ಡೆಲ್ಲಿ ಅಲ್ಲ. ಇಲ್ಲಿಯದ್ದೇ."

ಮರುದಿನ ನಾವಿಬ್ಬರೂ ಮರ್ಕಂಜಕ್ಕೆ ಹೋದೆವು. ಹುಡುಗಿಯ ತಾಯಿ ಅಂಗಳದಲ್ಲೇ ನಿಂತು ಅರೆಭಾಷೆಯಲ್ಲಿ "ನಂಗೆ ಗೊತ್ತಿಲ್ಲೆ, ನಂಗೆ ಗೊತ್ತಿಲ್ಲೆ" ಎಂದು ಕೈ ಹೊಸೆದುಕೊಳ್ಳುತ್ತಿದ್ದರು. ಹುಡುಗಿ ಒಳಗಿನಿಂದ ಬಂದಳು, ಅತ್ತು ಅತ್ತು ಮುಖ ಬಾತಿತ್ತು. ಮನೆಯಲ್ಲೇ ಕುಳಿತು ಮಾಡುವ ಫೋನಿನ ಕೆಲಸ ಎಂಬ ಜಾಹೀರಾತು ಮೊಬೈಲಿನಲ್ಲಿ ಕಂಡು ಅರ್ಜಿ ಹಾಕಿದ್ದಳಂತೆ. ಒಬ್ಬ ಸರ್ ಕರೆ ಮಾಡಿ, ಧ್ವನಿ ಪರೀಕ್ಷೆ ಎಂದು ಒಂದಷ್ಟು ಸಾಲು ಓದಿಸಿದರಂತೆ. ಆಮೇಲೆ ಆ ನಂಬರು ಸ್ವಿಚ್ ಆಫ್.

"ನೀನು ಓದಿದ್ದು ಎಂತ ಅಂತ ನಿಂಗೆ ಗೊತ್ತಾಗ್ಲಿಲ್ವಾ?" ಅಕ್ಕ ಕನ್ನಡಕ ತೆಗೆದು ಕೇಳಿದರು.

"ಇಲ್ಲ ಅಕ್ಕ. ಸ್ಯಾಂಪಲ್ ಅಂತ ಹೇಳಿದ್ರು."

ಹಿಂದಿರುಗುವ ಬಸ್ಸಿನಲ್ಲಿ ನಾನು, ಪಾಪದ ಹುಡುಗಿ ಎಂದೆ. ಅಕ್ಕ ಕಿಟಕಿಯ ಹೊರಗೆ ನೋಡುತ್ತಾ, "ಮೋಸ ಹೋದದ್ದು ಹೌದು. ಆದ್ರೆ ಎಂತದೋ ಒಂದು ಮುಚ್ಚಿಡ್ತಾ ಇದ್ದಾಳೆ" ಎಂದರು. ನನಗೆ ರೇಗಿತು. ಅಷ್ಟು ಕಣ್ಣೀರು ನೋಡಿಯೂ ಸಂಶಯವೇ ಎಂದು ಕೇಳಿದೆ. "ಕಣ್ಣೀರನ್ನು ನಾನು ಸಂಶಯ ಮಾಡ್ಲಿಲ್ಲ" ಎಂದರು.

ಅಕ್ಕನ ಒಂದು ವಿದ್ಯೆಯನ್ನು ಇಲ್ಲಿ ಹೇಳಬೇಕು. ಅವರು ಯಾರ ಹತ್ತಿರವೂ ಸರಿಯಾದ ಪ್ರಶ್ನೆ ಕೇಳುತ್ತಿರಲಿಲ್ಲ. ಬೇಕೆಂದೇ ತಪ್ಪು ಹೇಳುವರು. ಸರಿಯಾಗಿ ಕೇಳಿದರೆ ನಮ್ಮ ಜನ ಬಾಯಿ ಬಿಗಿಯುತ್ತಾರೆ, ತಪ್ಪು ಹೇಳಿದರೆ ತಿದ್ದದೆ ಇರಲಾರರು ಎಂಬುದು ಅವರ ಲೆಕ್ಕಾಚಾರ. ಒಬ್ಬ ರಾಜಕೀಯ ಮುಖಂಡರ ಬಲಗೈಯಂತಿದ್ದ ಮನುಷ್ಯ ದಿನಾ ಸಂಜೆ ನಮ್ಮ ಕಚೇರಿಯ ಎದುರಿನ ಹೋಟೆಲಿಗೆ ಬನ್ಸ್ ತಿನ್ನಲು ಬರುತ್ತಿದ್ದ. ಅಕ್ಕ ಅವನ ಎದುರಿನ ಕುರ್ಚಿಯಲ್ಲಿ ಹೋಗಿ ಕೂತರು.

"ಆ ಫೋನಿನ ಕೆಲಸ ಬೆಂಗಳೂರಿನ ಕಂಪೆನಿಯದ್ದಂತೆ, ಹೌದಾ? ಎಷ್ಟು ಚೆಂದ ಮಾಡಿದ್ದಾರೆ ನೋಡಿ. ನಮ್ಮೂರಿನವರಿಗೆ ಅದೆಲ್ಲ ಎಲ್ಲಿ ಬರ್ತದೆ!"

"ಯಾಕೆ ಬರುದಿಲ್ಲ?" ಅವನು ಬನ್ಸ್ ಹಿಡಿದ ಕೈಯನ್ನೇ ಎತ್ತಿದ. "ಬೆಂಗಳೂರಿನವರಿಗೆ ಎಂತ ಕೊಂಬು ಉಂಟಾ? ಅದು ನಮ್ಮ ಕುಂಬ್ರದವರೇ..."

ಮಾತು ಅಲ್ಲಿಗೆ ನಿಂತಿತು. ಬನ್ಸು ತಟ್ಟೆಗೆ ಇಳಿಯಿತು. ಅವನು ಚಹಾ ಕುಡಿಯದೆ ಎದ್ದುಹೋದ. ಊರಿನ ಅಭಿಮಾನ ಅವನ ಬಾಯಿ ಬಿಡಿಸಿತ್ತು. ಅಪರಾಧವನ್ನೂ ಪರವೂರಿಗೆ ಬಿಟ್ಟುಕೊಡಲು ನಮ್ಮವರಿಗೆ ಮನಸ್ಸು ಬರುವುದಿಲ್ಲ.

ಆ ಸಂಜೆಯೇ ಕಚೇರಿಯಲ್ಲಿ ವಿಷಯ ಮಾತಾಡಿದೆವು. ನಾಳೆ ಬೆಳಿಗ್ಗೆ ಕುಂಬ್ರಕ್ಕೆ ಹೋಗುವುದೆಂದು ತೀರ್ಮಾನವಾಯಿತು. ಯಜಮಾನರೂ ಇದ್ದರು, ಬೆನ್ನು ತಟ್ಟಿದರು.

ಕುಂಬ್ರದ ಪೇಟೆಯಲ್ಲಿ ಅಂಗಡಿಗಳ ಮೇಲೆ ಬಾಡಿಗೆ ಕೋಣೆಗಳಿರುವ ಕಟ್ಟಡಗಳು ಕೆಲವೇ. ಒಂದೊಂದಾಗಿ ವಿಚಾರಿಸುತ್ತಾ ಹೋದೆವು. ಒಂದರ ಕೆಳಗಿನ ಹಾರ್ಡ್‌ವೇರ್ ಅಂಗಡಿಯವರ ಹತ್ತಿರ ಅಕ್ಕ, "ಮೇಲೆ ಟೈಲರಿಂಗ್ ಕ್ಲಾಸು ಅಲ್ವಾ? ನನ್ನ ತಂಗಿಯ ಮಗಳನ್ನು ಸೇರಿಸ್ಬೇಕಿತ್ತು" ಎಂದರು.

"ಟೈಲರಿಂಗ್ ಎಲ್ಲಿಯದ್ದು ಅಮ್ಮ? ಅದು ಎಂತದೋ ಸೊಲ್ಯೂಶನ್ಸ್." ಪೂರ್ತಿ ಹೆಸರನ್ನೂ ಹೇಳಿದರು, ಅವರ ಕೊರಿಯರ್ ಬಂದರೆ ಇವರೇ ಸಹಿ ಹಾಕಿ ತೆಗೆದುಕೊಳ್ಳುತ್ತಿದ್ದರಂತೆ. "ಆದ್ರೆ ಈಗ ಇಲ್ಲ. ನಿನ್ನೆ ಕತ್ತಲಾಗುವಾಗ ಪಿಕಪ್ ತಂದು ಕಂಪ್ಯೂಟರು ಎಲ್ಲ ತುಂಬಿಸಿಕೊಂಡು ಹೋದ್ರು. ಎಂತ ಅವಸರವೋ!"

ಮೇಲೆ ಹೋಗಿ ನೋಡಿದೆವು. ಬಾಗಿಲಿಗೆ ಹೊಸ ಬೀಗ. ಕಿಟಕಿಯ ಗಾಜಿಗೆ ಒಳಗಿನಿಂದ ಪೇಪರ್ ಅಂಟಿಸಿದ್ದರು. ಒಂದು ಮೂಲೆ ಹರಿದಿತ್ತು. ಇಣುಕಿದರೆ ಖಾಲಿ ಮೇಜು, ನೆಲದಲ್ಲಿ ವಯರುಗಳು. ಸೊಲ್ಯೂಶನ್ಸ್ ಎಂದು ಹೆಸರಿಟ್ಟುಕೊಂಡವರು ಮಾಡುವುದು ಎಂತ ಎಂದು ಯಾರಿಗೂ ಗೊತ್ತಾಗದ ಹಾಗೆ ನೋಡಿಕೊಳ್ಳುತ್ತಾರೆ ಎಂದು ನಾನು ತಮಾಷೆ ಮಾಡಿದೆ. ಅಕ್ಕ ನಗಲಿಲ್ಲ.

"ನಾವು ಇವತ್ತು ಬರ್ತೇವೆ ಅಂತ ಅವರಿಗೆ ಏರ್ ಪಂಡಿನಿ?"

ಬನ್ಸಿನವನೇ ಇರಬೇಕು ಎಂದೆ. ಅವನು ಹೆದರಿದ್ದು ಹೌದು, ಆದರೆ ಹೇಳಿದ್ದು ಅವನೊಬ್ಬನೇ ಆಗಿದ್ದರೆ ಇನ್ನೂ ಎರಡು ದಿನ ತಡೆಯುತ್ತಿದ್ದರು, ಅದೇ ದಿನ ಕತ್ತಲಾಗುವ ಹೊತ್ತಿಗೇ ಪಿಕಪ್ ಬಂತೆಂದರೆ ನಾವು ಬೆಳಿಗ್ಗೆಯೇ ಬರುವುದು ಅವರಿಗೆ ಗೊತ್ತಿತ್ತು ಎಂದರು ಅಕ್ಕ. ಬೆಳಿಗ್ಗೆಯ ವಿಷಯ ಗೊತ್ತಿದ್ದದ್ದು ಕಚೇರಿಯವರಿಗೆ ಮಾತ್ರ. ಬಸ್ಸಿಗೆ ಕಾಯುತ್ತಿದ್ದಾಗ ನಾನು ಡಿಟಿಪಿಯವನ ಬಗ್ಗೆ ಯೋಚಿಸಿದೆ. ಅವನಿಗೆ ಹೊಸ ಬೈಕು ಬಂದಿತ್ತು. ಸಂಶಯ ಎಂಥ ಕೆಟ್ಟ ಅಂಟುರೋಗ ಎಂದು ಆಗ ಗೊತ್ತಾಯಿತು. ಬೈಕು ಅವನ ಭಾವನದು.

ಕಂಪೆನಿಯ ಹೆಸರು ಸಿಕ್ಕ ಮೇಲೆ ಉಳಿದದ್ದು ಕಷ್ಟವಾಗಲಿಲ್ಲ. ಕಂಪೆನಿಗಳ ನಿರ್ದೇಶಕರ ಹೆಸರು ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಅಕ್ಕ ತನ್ನ ಮನೆಯಲ್ಲೇ ಕುಳಿತು ನೋಡಿದ್ದರು. ಎಂತ ಸಿಕ್ಕಿತೆಂದು ಒಂದೆರಡು ದಿನ ಯಾರಿಗೂ ಹೇಳಲಿಲ್ಲ. ಆಮೇಲೆ ಒಂದು ಸಂಜೆ ನನ್ನನ್ನು ಮೆಟ್ಟಿಲಿನ ಹತ್ತಿರ ಕರೆದು, "ನಾಳೆ ಮರ್ಕಂಜಕ್ಕೆ ಹೋಗುವ. ಆ ಹುಡುಗಿಯ ನೆರೆಮನೆಯವರೇ ಕಂಪೆನಿಯ ಡೈರೆಕ್ಟರು. ಯಾರ ಹತ್ರವೂ ಹೇಳ್ಬೇಡ" ಎಂದರು. ನಾನು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಕಚೇರಿಯ ಫೋನು ರಿಂಗಾಯಿತು. ಅಕ್ಕ ಎತ್ತಿ ಸ್ಪೀಕರಿಗೆ ಹಾಕಿದರು. ಒಬ್ಬ ಗಂಡಸಿನ ಧ್ವನಿ, ಸಕ್ಕರೆ ಪಾಕ.

"ಅಕ್ಕ, ನಮಸ್ಕಾರ. ಕಡಬಕ್ಕೆ ಹೋಗಿ ಬರುವ ಕಷ್ಟ ನಿಮಗೆ ಯಾಕೆ? ಅಲ್ಲಿ ಎಂತ ಇಲ್ಲ. ನಾನೇ ಬಂದು ಮಾತಾಡ್ತೇನೆ. ಪತ್ರಿಕೆಗೆ ಒಂದು ಜಾಹೀರಾತು ಕೊಡುದೂ ಉಂಟು."

ಅಕ್ಕ ಯಾರೆಂದು ಕೇಳಿದಾಗ ಆಚೆಯವನು ಇಟ್ಟುಬಿಟ್ಟ. ಅಕ್ಕ ಫೋನನ್ನು ಮೆಲ್ಲನೆ ಇಟ್ಟು, ಕನ್ನಡಕ ಒರೆಸತೊಡಗಿದರು. ನಾನು, ಮರ್ಕಂಜ ಅಲ್ವಾ, ಕಡಬ ಎಲ್ಲಿಂದ ಬಂತು ಎಂದೆ. ಡಿಟಿಪಿಯವನು ಆಚೆಯಿಂದ, "ಮಂಡೆಕೋಲು ಅಲ್ವಾ?" ಎಂದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನನಗೆ ಮರ್ಕಂಜ ಎಂದಿದ್ದರು, ಅವನಿಗೆ ಮಂಡೆಕೋಲು ಎಂದಿದ್ದರು. ಕಡಬ ಎಂದು ಹೇಳಿದ್ದು ಯಜಮಾನರಿಗೆ ಒಬ್ಬರಿಗೇ.

ನನಗೆ ಯಜಮಾನರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಅಕ್ಕನ ಮೇಲೆ ಬಂತು. ವರ್ಷಗಟ್ಟಲೆ ಜೊತೆಗೆ ಕೆಲಸ ಮಾಡಿದ್ದೇನೆ, ಅವರ ತಾಯಿ ಆಸ್ಪತ್ರೆಯಲ್ಲಿದ್ದಾಗ ಕಾವಲು ಕೂತಿದ್ದೇನೆ. "ನನ್ನನ್ನೂ ಪರೀಕ್ಷೆ ಮಾಡಿದ್ರಾ?" ಎಂದು ಕೇಳಿದೆ.

"ನಿನ್ನನ್ನು ಬಿಟ್ಟು ಮಾಡಿದ್ರೆ ಅದು ಪರೀಕ್ಷೆ ಆಗ್ತದಾ ಮಾರಾಯ?" ಎಂದರು. ಆಮೇಲೆ ಎಂದೂ ಇಲ್ಲದ ಹಾಗೆ, "ಬೇಸರ ಮಾಡ್ಬೇಡ. ಏಳು, ಬಸ್ಸು ಉಂಟು" ಎಂದರು. ನನ್ನ ಬೇಸರ ಹೋಗಲಿಲ್ಲ. ಆದರೂ ಹೋದೆ.

ನಿಜವಾದ ಜಾಗ ಮಂಡೆಕೋಲೇ ಆಗಿತ್ತು. ಕೇರಳದ ಗಡಿಗೆ ತಾಗಿದ ಒಂದು ಹಂಚಿನ ಮನೆ. ಕಂಪೆನಿಯ ನಿರ್ದೇಶಕಿ ಜಗಲಿಯಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು, ಎಪ್ಪತ್ತು ದಾಟಿದ ಹೆಂಗಸು. ಅಕ್ಕ ಅಲ್ಲಿ ಮಾತ್ರ ತಪ್ಪು ಪ್ರಶ್ನೆ ಕೇಳಲಿಲ್ಲ, ನೇರ ವಿಷಯಕ್ಕೆ ಬಂದರು.

"ಅಮ್ಮ, ನೀವು ಒಂದು ಕಂಪೆನಿಯ ಡೈರೆಕ್ಟರ್ ಅಂತೆ."

"ಡೈರೆಕ್ಟರಾ? ಸಿನಿಮಾದ್ದಾ?" ಅವರು ನಕ್ಕ ನಗುವಿಗೆ ಕೋಳಿಗಳು ಹಾರಿದವು. ನಗು ಇಳಿದ ಮೇಲೆ ನೆನಪು ಮಾಡಿಕೊಂಡರು. ಕುಂಬ್ರದಲ್ಲಿ ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ತಮ್ಮನ ಮಗ ಒಮ್ಮೆ ಬಂದು, ಸಬ್ಸಿಡಿಗೆ ಬೇಕೆಂದು ಆಧಾರ್ ತೆಗೆದುಕೊಂಡು ಹೋಗಿದ್ದ, ಬೆರಳು ಒತ್ತಿಸಿದ್ದ. ಸಬ್ಸಿಡಿ ಇನ್ನೂ ಬಂದಿರಲಿಲ್ಲ. "ಒಳ್ಳೆ ಹುಡುಗ. ಮಾತು ಅಂದ್ರೆ ಜೇನು" ಎಂದರು. ಅವರ ಮೊಬೈಲಿನಲ್ಲಿದ್ದ ಅವನ ಧ್ವನಿಯ ಸಂದೇಶ ಒಂದನ್ನು ಕೇಳಿಸಿದರು. ಬೆಳಿಗ್ಗೆ ನಮ್ಮನ್ನು ಕಡಬಕ್ಕೆ ಹೋಗಬೇಡಿ ಎಂದವನದೇ ಆ ಧ್ವನಿ. ನಮ್ಮ ಯಜಮಾನರು ಅವನ ಕುರ್ಚಿಗಳಲ್ಲಿ ಎಷ್ಟು ಸಭೆ ನಡೆಸಿದ್ದರೋ ದೇವರೇ ಬಲ್ಲ.

ಹೋದಲ್ಲಿ ನೀರೂ ಮುಟ್ಟದ ಅಕ್ಕ ಅಲ್ಲಿ ಕಾಫಿ ಕುಡಿದರು. ಆ ಅಮ್ಮ ತನ್ನ ಲೋಟದಿಂದ ಒಂದು ಗುಟುಕು ಕುಡಿದದ್ದನ್ನು ನೋಡಿದ ಮೇಲೆ, ಅದು ಬೇರೆ ಮಾತು.

ಬರೆದ ವರದಿಯನ್ನು ಯಜಮಾನರು ಹಾಕಲಿಲ್ಲ. ಪೂರ್ತಿ ಓದಿ, ಮಡಚಿ, ಊರಿನ ಹೆಸರು ಕೆಡುತ್ತದೆ ಎಂದರು. ಅಕ್ಕ ಜಗಳವಾಡಲಿಲ್ಲ. ತನ್ನ ಮೇಜಿನ ಡ್ರಾಯರಿನಿಂದ ಛತ್ರಿಯನ್ನೂ ಊಟದ ಡಬ್ಬಿಯನ್ನೂ ತೆಗೆದುಕೊಂಡರು. "ಆ ಹುಡುಗಿಯ ಹೆಸರು ಕೆಟ್ಟದ್ದನ್ನು ಮೊದಲ ಪುಟದಲ್ಲಿ ಹಾಕ್ಲಿಕ್ಕೆ ನಿಮಗೆ ಜಾಗ ಇತ್ತು" ಎಂದು ಹೇಳಿ ಮೆಟ್ಟಿಲಿಳಿದರು. ನಾನು ಅವರ ಹಿಂದೆ ಇಳಿದೆ ಎಂದು ಹೇಳಿಕೊಳ್ಳಲು ಆಸೆ. ನಾನು ಇಳಿದದ್ದು ತಿಂಗಳ ಸಂಬಳ ಬಂದ ಮೇಲೆ.

ಆಮೇಲೆ ಆದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ, ಅದರಲ್ಲಿ ಸಂತೋಷಪಡುವಂಥದ್ದು ಕಡಿಮೆ. ಶಾಮಿಯಾನದವನನ್ನು ಪೊಲೀಸರು ಹಿಡಿದರು, ಜಾಮೀನೂ ಆಯಿತು. ಕಂಪೆನಿ ಮುಚ್ಚಿತು, ಅದೇ ಕಂಪ್ಯೂಟರುಗಳು ಈಗ ಇನ್ನೊಂದು ಸೊಲ್ಯೂಶನ್ಸಿನಲ್ಲಿ ಕೂತಿವೆ ಎಂದು ನನ್ನ ಸಂಶಯ. ದುಡ್ಡು ಕೊಟ್ಟು ಮಾಡಿಸಿದವರು ಯಾರೆಂದು ಇವತ್ತಿಗೂ ಯಾರೂ ಬಾಯಿ ಬಿಟ್ಟಿಲ್ಲ. ಟೀಚರು ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಕೇಸು ನಡೆಯುತ್ತಾ ಉಂಟು. ಹುಡುಗಿ ಈಗ ಬೇರೆ ಊರಿನಲ್ಲಿ, ಧ್ವನಿಯ ಅಗತ್ಯವಿಲ್ಲದ ಒಂದು ಕೆಲಸದಲ್ಲಿದ್ದಾಳೆ.

ನಾನು ಅಕ್ಕನನ್ನು ನೆನೆಯುವಾಗ ಕುಂಬ್ರವೂ ಬರುವುದಿಲ್ಲ, ಮಂಡೆಕೋಲೂ ಬರುವುದಿಲ್ಲ. ಪೊಲೀಸ್ ಠಾಣೆಯ ಜಗಲಿಯ ಒಂದು ಬೆಂಚು ಬರುತ್ತದೆ. ಹುಡುಗಿಯನ್ನು ಆರೋಪಿ ಅಲ್ಲ, ಸಾಕ್ಷಿ ಎಂದು ಪರಿಗಣಿಸಿ ಹೇಳಿಕೆ ತೆಗೆದುಕೊಳ್ಳಲು ಎಸ್‌ಐ ಒಪ್ಪಿದ್ದರು. ನಾವು ಕಲೆಹಾಕಿದ್ದನ್ನೆಲ್ಲ ಅವರ ಮುಂದೆ ಇಟ್ಟು ಒಪ್ಪಿಸಿದವರು ಅಕ್ಕನೇ. ಒಳಗೆ ಕರೆಯುವವರೆಗೆ ನಾವು ಮೂವರೂ ಬೆಂಚಿನಲ್ಲಿ ಕೂತಿದ್ದೆವು. ಹುಡುಗಿಯ ಮುಖದಲ್ಲಿ ಆ ದಿನವೇ ಸ್ವಲ್ಪ ಬಣ್ಣ ಬಂದಿತ್ತು. ಅಕ್ಕ ಕನ್ನಡಕ ತೆಗೆದು ಸೆರಗಿಗೆ ಹಚ್ಚಿದರು. ಬೇಡ ಅಕ್ಕ, ಇವತ್ತು ಬೇಡ ಎಂದು ನಾನು ಮನಸ್ಸಿನಲ್ಲೇ ಹೇಳಿಕೊಂಡೆ.

"ಅವ ನಿನ್ನಿಂದ ಎಷ್ಟು ಸಲ ಓದಿಸಿದ?"

ಹುಡುಗಿ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಎರಡು ಸಲ. ಮೊದ್ಲು ಓದುವಾಗ ‘ಇಂಥವರು ಹಿಂದೆ ಸರ್ದಿದ್ದಾರೆ’ ಅಂತ ಇತ್ತು. ಎರಡನೇ ಸಲ, ಇಂಥವರು ಬೇಡ, ಟೀಚರು ಅಂತ ಹೇಳು ಅಂದ್ರು. ನಿನ್ನ ಚಿಕ್ಕಮ್ಮನ ಹತ್ರ ಹೇಳುವ ಹಾಗೆ ಹೇಳು ಅಂದ್ರು." ಧ್ವನಿ ಇಳಿಯಿತು. "ಆಗ ಗೊತ್ತಾಯ್ತು ಅಕ್ಕ. ಇದು ಸ್ಯಾ‌ಂಪಲ್ ಅಲ್ಲ ಅಂತ. ಚೆಂದ ಓದಿದ್ರೆ ಕೆಲಸ ಗ್ಯಾರಂಟಿ ಅಂದಿದ್ರು. ಓದಿದೆ."

ನಾನು ಅವಳ ಕಡೆ ಬಾಗಿ, ಒಳಗೆ ಅದನ್ನು ಹೇಳಬೇಡ, ಕೇಳಿದಷ್ಟಕ್ಕೆ ಉತ್ತರ ಕೊಡು ಎಂದು ಪಿಸುಗುಟ್ಟಿದೆ. ಅಕ್ಕ ನನ್ನ ಮಾತಿಗೂ ಹ್ಞೂಂ ಎನ್ನಲಿಲ್ಲ, ಅವಳಿಗೂ ಏನೂ ಹೇಳಲಿಲ್ಲ. ಕನ್ನಡಕ ಹಾಕಿಕೊಂಡು ಎದುರಿನ ರಸ್ತೆ ನೋಡುತ್ತಾ ಕೂತರು. ಅಷ್ಟರಲ್ಲಿ ಕರೆ ಬಂತು.

ಒಳಗೆ ಹುಡುಗಿ ಮೊದಲಿನಿಂದ ಹೇಳುತ್ತಾ ಬಂದಳು. ಜಾಹೀರಾತು, ಕರೆ, ಓದಿದ್ದು. ಎಸ್‌ಐ ಬರೆಯುತ್ತಾ ಹೋದರು. ಎರಡನೇ ಸಲದ ಜಾಗ ಬಂದಾಗ ಅವಳು ನಿಂತಳು. ದಾಟಿಹೋಗುತ್ತಾಳೆ ಎಂದುಕೊಂಡೆ. ದಾಟಲಿಲ್ಲ. ಬೆಂಚಿನಲ್ಲಿ ಹೇಳಿದ್ದನ್ನು ಒಂದು ಶಬ್ದವೂ ಬಿಡದೆ ಹೇಳಿದಳು.

ಎಸ್‌ಐ ಪೆನ್ನು ಎತ್ತಿ ಹಿಡಿದರು.

"ಇದನ್ನು ಬರೆದ್ರೆ ನಿಂಗೇ ಕಷ್ಟ. ಗೊತ್ತುಂಟಲ್ಲ?"

"ಗೊತ್ತುಂಟು ಸರ್. ಬರೆಯಿರಿ."

ಅವರು ಅಕ್ಕನ ಕಡೆ ತಿರುಗಿದರು. "ನೀವೇ ಹೇಳಿ ಅಕ್ಕ. ನೀವು ಯಾರನ್ನೂ ಬಿಡುವವರಲ್ಲ. ಇಷ್ಟು ಬಿಟ್ಟು ಬೇರೆ ಎಂತದೂ ಇವಳಿಗೆ ಗೊತ್ತಿಲ್ಲ ಅಂತ ನಂಬುದಾ?"

"ಒಳಗೆ ಬರುವ ಮೊದಲು ಕೇಳಿದ್ರೆ ಇಲ್ಲ ಅಂತಿದ್ದೆ," ಎಂದರು ಅಕ್ಕ. ಹುಡುಗಿಯ ತಲೆಯ ಮೇಲೆ ಕೈ ಇಟ್ಟರು. "ಈಗ ನಂಬ್ತೇನೆ. ಬರೆಯಿರಿ."